ಹಳೆಯ ಗರ್ಡರ್ ಮುಟ್ಟುವ ಮುನ್ನ

ವಾಡಿ ಜಂಕ್ಷನ್ನಿನಲ್ಲಿ ಎರಡು ಹಳೆಯ ರೈಲುಮಾರ್ಗಗಳು ಕೂಡುತ್ತವೆ. ಒಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ಕಲಬುರಗಿ, ಶಹಾಬಾದ್ ದಾಟಿ ಬಂದ ಆ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯಿಂದ ಬಂದ ಹಳಿಗೆ ಕೂಡಿತು. ಇನ್ನೊಂದು ನಿಜಾಮರದು. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಾದು 1874ರಲ್ಲಿ ಸಿಕಂದರಾಬಾದ್ ತಲುಪಿತು. ಕಲ್ಲಿನ ಕಂಬ, ಮೇಲೆ ರಿವಿಟ್ ಹೊಡೆದ ಗರ್ಡರ್: ನಮ್ಮ ಭಾಗದ ಹೊಳೆ ನಾಲಾಗಳನ್ನು ರೈಲು ದಾಟಿದ್ದು ಹೀಗೆ. ನನ್ನ ನೌಕರಿ ಪೂರ್ತಿ ಕಳೆದದ್ದು ಇಂಥ ಸೇತುವೆಗಳ ದುರಸ್ತಿಯಲ್ಲೇ. ಶಹಾಬಾದ್ ಮತ್ತು ವಾಡಿಯ ನಡುವೆ ಕಾಗಿಣಾ ದಾಟುವ ದೊಡ್ಡ ಸೇತುವೆಯೂ ಉಂಟು, ತೊಗರಿ ಹೊಲದ ನಡುವೆ ಯಾರ ಕಣ್ಣಿಗೂ ಬೀಳದ ಚಿಕ್ಕ ನಾಲಾ ಗರ್ಡರುಗಳೂ ಉಂಟು.

ರೈಲಿನ ಭಾರ ಹೆಚ್ಚಿದಂತೆ ಮೊದಲಿನ ಎಷ್ಟೋ ಗರ್ಡರುಗಳು ಇಳಿದಿವೆ, ಹೊಸವು ಏರಿವೆ. ಉಳಿದವನ್ನು ನೋಡಿಕೊಳ್ಳುವವರು ಈಗ ಹೊಸ ಹುಡುಗರು. ಅವರಿಗೆ ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಹಳೆಯ ಸೇತುವೆ ವಯಸ್ಸಾಯಿತೆಂದು ಕೆಡುವುದು ಅಪರೂಪ; ನೀರು ನಿಂತಲ್ಲಿ, ಮಣ್ಣು ಕೂತಲ್ಲಿ, ಹತ್ತಿರ ಹೋಗಿ ನೋಡುವವರು ಇಲ್ಲದಲ್ಲಿ ಕೆಡುತ್ತದೆ. ಕೆಳಗಿನ ಮಾತುಗಳೆಲ್ಲ ಇದರ ಸುತ್ತಲೇ ಇವೆ.

1. ಮೊದಲು ಅದು ಕಬ್ಬಿಣವೋ ಉಕ್ಕೋ ಗೊತ್ತುಮಾಡಿಕೊಳ್ಳಿ. 1870ರ ದಶಕದಲ್ಲಿ ಸೇತುವೆಗೆ ಬಳಕೆಯಾಗುತ್ತಿದ್ದದ್ದು ಹೆಚ್ಚಾಗಿ ರಾಟ್ ಐರನ್, ಅಂದರೆ ಬಡಿದು ಹದಮಾಡಿದ ಕಬ್ಬಿಣ. ಅದರೊಳಗೆ ಕಿಟ್ಟದ ಎಳೆಗಳು ಉದ್ದುದ್ದ ಓಡಿರುತ್ತವೆ. ತುಕ್ಕು ಹಿಡಿದಾಗ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಎಳೆಯ ಉದ್ದಕ್ಕೆ ಎಳೆದರೆ ಗಟ್ಟಿ, ಅಡ್ಡಕ್ಕೆ ಎಳೆದರೆ ಅಷ್ಟು ಗಟ್ಟಿಯಲ್ಲ. ಆಮೇಲೆ ಬಂದದ್ದು ಉಕ್ಕು. ಮೊದಮೊದಲ ಉಕ್ಕಿನಲ್ಲಿ ರಂಜಕದ ಅಂಶ ಹೆಚ್ಚು, ಆದ್ದರಿಂದ ಪೆಡಸು. 1895ಕ್ಕಿಂತ ಹಿಂದಿನ ಉಕ್ಕನ್ನು ರೈಲ್ವೆಯವರು ‘ಅರ್ಲಿ ಸ್ಟೀಲ್’ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ, ಅದರ ತಪಾಸಣೆಯೂ ಹೆಚ್ಚು ಬಿಗಿ. ರಾಟ್ ಐರನ್, ಅರ್ಲಿ ಸ್ಟೀಲ್, ನಂತರದ ಉಕ್ಕು ಮೂರೂ ಒಂದೇ ಬಣ್ಣದ ಕೆಳಗೆ ಒಂದೇ ಥರ ಕಾಣುತ್ತವೆ. ಹಾಗಾಗಿ ಭಾರ ಹೊರದ ಮೂಲೆಯಿಂದ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ. ವರದಿ ಕೈಗೆ ಬರುವ ತನಕ ಯಾವ ಅಂದಾಜು ಪಟ್ಟಿಯನ್ನೂ ಬರೆಯಬೇಡಿ.

2. ವೆಲ್ಡಿಂಗ್ ಮಷೀನು ಹಳೆಯ ಗರ್ಡರಿನ ಹತ್ತಿರ ಬರಕೂಡದು. ಗಂಧಕ, ರಂಜಕ ಹೆಚ್ಚಿರುವ ಹಳೆಯ ಲೋಹಕ್ಕೆ ಒಂದೆಡೆ ಅಷ್ಟು ಕಾವು ಕೊಟ್ಟರೆ ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಮೇಲೆ ಓಡುವ ಒಂದೊಂದು ಗಾಡಿಯೂ ಅದನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಒಂದು ಕಾಮಗಾರಿಯಲ್ಲಿ ಗುತ್ತಿಗೆಯವರು ಕೇಬಲ್ ಕೊಳವೆ ಹಾಯಿಸಲೆಂದು ಕೆಳ ಫ್ಲೇಂಜಿಗೆ ಸಣ್ಣ ಆಂಗಲ್ ತುಂಡುಗಳನ್ನು ವೆಲ್ಡ್ ಮಾಡಿ ಹೋಗಿದ್ದರು. ಕೊಳವೆಯ ತೂಕ ಏನೂ ಇಲ್ಲ, ಕೆಲಸ ನೋಡಲಿಕ್ಕೂ ಅಚ್ಚುಕಟ್ಟು. ಆದರೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿ ನೋಡಿದಾಗ ಎರಡು ತುಂಡುಗಳ ಬುಡದಲ್ಲಿ ಸಣ್ಣ ಕೆಂಪು ಗೆರೆ ಮೂಡಿತು. ಗೆರೆಯ ತುದಿಗೆ ತೂತು ಕೊರೆದು, ಬಿಗಿ ಬೋಲ್ಟ್ ಹಾಕಿ, ಬಿರುಕು ಮುಂದೆ ಹೋಗದಂತೆ ಮಾಡಬೇಕಾಯಿತು. ಒಂದು ಕ್ಲಾಂಪ್ ಹಾಕಿದ್ದರೆ ಸಾಕಿತ್ತು.

3. ರಿವಿಟನ್ನು ಬೆರಳಿನಿಂದ ಪರೀಕ್ಷಿಸಿ. ಇದೊಂದನ್ನು ಸರಿಯಾಗಿ ಕಲಿತವನು ಅರ್ಧ ಕೆಲಸ ಕಲಿತ ಹಾಗೆಯೇ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬೇಕಾಗಿರುವುದು 110 ಗ್ರಾಂ ತೂಕದ ಸಣ್ಣ ಸುತ್ತಿಗೆ. ಎಡಗೈಯ ತೋರುಬೆರಳನ್ನು ರಿವಿಟ್ ತಲೆಯ ಒಂದು ಪಕ್ಕಕ್ಕೆ ಇಡಬೇಕು, ಅರ್ಧ ತಲೆಯ ಮೇಲೆ, ಅರ್ಧ ಪ್ಲೇಟಿನ ಮೇಲೆ. ಎದುರು ಪಕ್ಕದಿಂದ ತಲೆಗೆ ಒಂದು ಖಚಿತ ಏಟು. ಬಿಗಿಯಾದ ರಿವಿಟ್ ಆದರೆ ಬೆರಳಿಗೆ ಬರೀ ಏಟಿನ ಸದ್ದು ತಾಗುತ್ತದೆ. ಸಡಿಲವಾಗಿದ್ದರೆ ತಲೆ ಬೆರಳಿನ ಕೆಳಗೆ ಚೂರೇ ಚೂರು ಸರಿದು ಮರಳುತ್ತದೆ. ಸಂತೆಯಲ್ಲಿ ಮಡಿಕೆ ಬಡಿದು ನೋಡಿ ಕೊಳ್ಳುವವರಿಗೆ ಕೈಗೂ ಕಿವಿಗೂ ಒಟ್ಟಿಗೆ ಉತ್ತರ ಸಿಗುವ ಹಾಗೆಯೇ ಇದು. ನನಗೆ ಕಲಿಸಿದ ಶಹಾಬಾದಿನ ಮಿಸ್ತ್ರಿ ಕಾಕಾ, ‘ತಮ್ಮಾ, ಜೋರಾಗಿ ಹೊಡಿಬ್ಯಾಡ, ಅದು ಏನ್ ಹೇಳ್ತದ ಅಂತ ಮೊದಲ ಕೇಳು’ ಅನ್ನುತ್ತಿದ್ದರು. ಸಡಿಲ ಕಂಡದ್ದಕ್ಕೆ ಬಿಳಿ ಬಣ್ಣದ ಗುರುತು, ರಿಜಿಸ್ಟರಿನಲ್ಲಿ ಅದರ ಜಾಗ, ತಾರೀಖು.

ಸಡಿಲವಾದ ತಲೆಯ ಅಂಚನ್ನು ಉಳಿಯಿಂದ ಬಡಿದು ಬಿಗಿಯಾದಂತೆ ಕಾಣಿಸುವ ಕೈಚಳಕ ಕೆಲವರಿಗೆ ಬರುತ್ತದೆ. ಅದಕ್ಕೆ ಎಂದೂ ಒಪ್ಪಬೇಡಿ. ಹಾಗೆ ಬಡಿದರೆ ರೋಗ ಮುಚ್ಚಿಹೋಗುತ್ತದೆ, ಮುಂದೆ ಬಂದ ತಪಾಸಣೆಯವನಿಗೂ ಸಿಗುವುದಿಲ್ಲ. ರಿವಿಟ್ ತೆಗೆಯಲೇಬೇಕಾದರೆ ಒಂದೊಂದಾಗಿ ತೆಗೆಯಿರಿ. ತೆಗೆದ ತೂತಿಗೆ ಆಗಲೇ ಬೋಲ್ಟ್ ಕೊಟ್ಟು, ಆಮೇಲೆ ಪಕ್ಕದ್ದಕ್ಕೆ ಕೈ ಹಾಕಿ. ಒಂದು ತೆಗೆದಾಗ ಅಕ್ಕಪಕ್ಕದವು ಸಡಿಲಾಗುವುದುಂಟು, ಅವನ್ನೂ ಮತ್ತೆ ತಟ್ಟಿ ನೋಡಬೇಕು.

ಬಿಸಿ ರಿವಿಟ್ ಹೊಡೆಯುವ ಗ್ಯಾಂಗ್ ಈಗ ಸಿಗುವುದೇ ಕಷ್ಟ. ಭಟ್ಟಿಯಲ್ಲಿ ಕೆಂಪಗೆ ಕಾಯಿಸುವವ, ಇಕ್ಕಳದಿಂದ ಎಸೆದದ್ದನ್ನು ಹಿಡಿದು ತೂತಿಗೆ ಕೂರಿಸುವವ, ಹಿಂದಿನಿಂದ ಡಾಲಿ ಒತ್ತಿ ಹಿಡಿಯುವವ, ಮುಂದಿನಿಂದ ಗನ್ ಹೊಡೆಯುವವ. ನಾಲ್ವರ ಕೈ ಒಂದೇ ಲಯಕ್ಕೆ ಬಂದರೆ ಮಾತ್ರ ಆಗುವ ಕೆಲಸ. ತಣ್ಣಗಾದಾಗ ರಿವಿಟ್ ಕುಗ್ಗಿ ಪ್ಲೇಟುಗಳನ್ನು ಒಂದಕ್ಕೊಂದು ಬಿಗಿಯುತ್ತದೆ, ಅದರ ಬಲವೆಲ್ಲ ಅಲ್ಲಿದೆ. ಈಗ ಅದರ ಬದಲು ಹೈ ಸ್ಟ್ರೆಂತ್ ಬೋಲ್ಟ್ ಹಾಕುತ್ತೇವೆ. ಭಾರ ಹೊರುವುದರಲ್ಲಿ ಅದಕ್ಕೆ ಏನೂ ಕಡಿಮೆಯಿಲ್ಲ. ಆದರೆ ಚರಿತ್ರೆಯ ಬೆಲೆ ಇರುವ ಸೇತುವೆಯಾದರೆ ಕಣ್ಣಿಗೆ ಬೀಳುವ ಕಡೆ ಗುಂಡು ತಲೆಯ ಬೋಲ್ಟ್ ಬಳಸಿ ಎಂದೇ ನಾನು ಕೇಳುವುದು. ಉಳಿದಿರುವ ಒಬ್ಬಿಬ್ಬರು ರಿವಿಟ್ ಕಾರಿಗರನ್ನು ಹುಡುಕಿ, ನಾಲ್ಕು ಹುಡುಗರಿಗೆ ಈ ಕೆಲಸ ಕಲಿಸುವುದೂ ದುರಸ್ತಿಯ ಖರ್ಚಿನಲ್ಲೇ ಸೇರಬೇಕು.

4. ಕೆಂಪಾದದ್ದೆಲ್ಲ ತುಕ್ಕಲ್ಲ. ಚಿಂಚೋಳಿ ಕಡೆ ಮಣ್ಣು ಕೆಂಪು, ಇತ್ತ ಚಿತ್ತಾಪುರ ಸೇಡಂ ಕಡೆ ಎರೆ. ಗಾಳಿಗೆ ಹಾರಿಬಂದ ಕೆಂಪು ಧೂಳು ರಿವಿಟ್ ಸುತ್ತ ಕೂತರೆ ದೂರದಿಂದ ಥೇಟ್ ತುಕ್ಕಿನ ಪುಡಿ. ಒದ್ದೆ ಬಟ್ಟೆಯಿಂದ ಒರೆಸಿ, ಕೆಲವು ಗಾಡಿ ಓಡಲಿ, ಆಮೇಲೆ ನೋಡಿ. ಧೂಳಾಗಿದ್ದರೆ ಮತ್ತೆ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಸಡಿಲ ರಿವಿಟ್ ಆಗಿದ್ದರೆ ಅದರ ತಲೆಯ ಸುತ್ತ ಮಾತ್ರ ಕೆಂಪು ಉಂಗುರ ಮರಳಿ ಮೂಡುತ್ತದೆ, ಕೆಳಗೆ ಗೆರೆ ಇಳಿದಿರುತ್ತದೆ.

5. ಸಿಮೆಂಟ್ ಧೂಳನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ವಾಡಿ, ಶಹಾಬಾದ್, ಸೇಡಂ ಎಲ್ಲವೂ ಸುಣ್ಣದಕಲ್ಲಿನ ನೆಲ. ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಲಾರಿ, ವ್ಯಾಗನ್ನು. ಇಲ್ಲಿನ ಗರ್ಡರಿನ ಮೇಲೆ ಬೂದುಬಣ್ಣದ ಪುಡಿ ಕೂರುವುದು ಸಹಜ. ಸಿಮೆಂಟು ಕ್ಷಾರ, ಕಾಂಕ್ರೀಟಿನೊಳಗೆ ಕಬ್ಬಿಣವನ್ನು ಕಾಯುವುದೇ ಅದು, ಇಲ್ಲಿ ಮಾತ್ರ ಯಾಕೆ ಕೆಡಿಸೀತು ಎಂದು ಒಬ್ಬ ಕಿರಿಯ ಇಂಜಿನಿಯರ್ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಕೆಡುಕು ಬರುವುದು ಎರಡು ದಾರಿಯಲ್ಲಿ. ಒಂದು, ಎಣ್ಣೆ ಬಣ್ಣಕ್ಕೆ ಕ್ಷಾರ ಆಗದು. ಎಣ್ಣೆಯನ್ನು ಅದು ಸಾಬೂನಾಗಿಸಿಬಿಡುತ್ತದೆ, ಬಣ್ಣ ಮೆತ್ತಗಾಗಿ ಸುಲಿದುಬರುತ್ತದೆ. ಇನ್ನೊಂದು, ಇಬ್ಬನಿ ಬಿದ್ದ ಪುಡಿ ಗಟ್ಟಿಯಾಗಿ ಹಕ್ಕಳೆ ಕಟ್ಟುತ್ತದೆ. ಆ ಹಕ್ಕಳೆಯಲ್ಲಿ ಬಿರುಕು ಬಿಟ್ಟು ಮಳೆನೀರು ಒಳಗೆ ಇಳಿಯುತ್ತದೆ, ಹೊರಗೆ ಬರುವುದಿಲ್ಲ. ವರ್ಷಗಳು ಕಳೆದಂತೆ ಅದರ ಕ್ಷಾರಗುಣ ಗಾಳಿಗೆ ಸತ್ತುಹೋಗುತ್ತದೆ, ತೇವ ಹಿಡಿಯುವ ಗುಣ ಮಾತ್ರ ಉಳಿಯುತ್ತದೆ.

ಇದನ್ನು ನೋಡಬೇಕಾದ ಜಾಗ ಕೆಳ ಫ್ಲೇಂಜಿನ ಮೇಲ್ಮೈ, ವೆಬ್ ಪ್ಲೇಟನ್ನು ಹಿಡಿದ ಆಂಗಲಿನ ಮೂಲೆ. ಚಿಪ್ಪಿಂಗ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೂದು ಹಕ್ಕಳೆ ಹಲಗೆಯಂತೆ ಎದ್ದುಬರುತ್ತದೆ, ಅದರ ಅಡಿಗೆ ಕಪ್ಪು ತುಕ್ಕಿನ ಪದರ ಅಂಟಿರುತ್ತದೆ, ಅದರ ಅಡಿಯ ಲೋಹದಲ್ಲಿ ಗುಳಿ ಗುಳಿ. ಎರಡು ಪ್ಲೇಟುಗಳ ಸಂದಿಗೆ ತುಕ್ಕು ಇಳಿದರೆ ಇನ್ನೂ ಕಷ್ಟ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಂದಿಯಲ್ಲಿ ಉಬ್ಬಿ ಪ್ಲೇಟನ್ನು ರಿವಿಟ್ಟಿನಿಂದ ರಿವಿಟ್ಟಿಗೆ ಅಲೆಯಂತೆ ಬಗ್ಗಿಸುತ್ತದೆ, ಕಡೆಗೆ ರಿವಿಟ್ ತಲೆಯನ್ನೇ ಹಾರಿಸುತ್ತದೆ. ಸ್ಕೇಲಿನ ಅಂಚನ್ನು ಫ್ಲೇಂಜಿಗೆ ತಾಗಿಸಿ ಬೆಳಕಿಗೆ ಹಿಡಿದರೆ ಆ ಅಲೆ ಕಾಣುತ್ತದೆ.

ಉಪಾಯ ದುಬಾರಿಯದಲ್ಲ. ಮಳೆ ಮುಗಿದ ಮೇಲೊಮ್ಮೆ, ಬೇಸಿಗೆ ಮುಗಿಯುವ ಮುಂಚೆ ಒಮ್ಮೆ ಪೊರಕೆ, ವೈರ್ ಬ್ರಷ್ ಹಿಡಿದು ಸೇತುವೆ ಗುಡಿಸಿ. ನೀರಿಳಿಯುವ ತೂತುಗಳಿಗೆ ಸರಳು ಹಾಕಿ ಬಿಡಿಸಿ. ಅಂಥ ತೂತು ಇಲ್ಲದ ಗುಂಡಿಯಾದರೆ ಇಂಜಿನಿಯರನ್ನು ಕೇಳಿ ಕೊರೆಸಿ, ಅಥವಾ ಬಿಟುಮೆನ್ ಮಾಸ್ಟಿಕ್ ತುಂಬಿ ನೀರು ಹೊರಗೆ ಜಾರುವಂತೆ ಇಳಿಜಾರು ಮಾಡಿ. ಕೂತ ಕೊಳೆ ಏನು ಮಾಡುತ್ತದೆ ಎಂಬುದಕ್ಕೆ ಕೋಲ್ಕತ್ತದ ಹೌರಾ ಸೇತುವೆ ನೋಡಿ. ಅದು 1943ರದು, ಅದರ 26,500 ಟನ್ ಉಕ್ಕಿನಲ್ಲಿ 23,000 ಟನ್ ಟಾಟಾದವರು ಕೊಟ್ಟದ್ದು. ಅಷ್ಟು ದೊಡ್ಡ ಸೇತುವೆಯ ಹ್ಯಾಂಗರುಗಳ ಬುಡವನ್ನು ತಿಂದದ್ದು ದಾರಿಹೋಕರು ಉಗುಳಿದ ಪಾನ್ ರಸ. ಬುಡಕ್ಕೆ ಫೈಬರ್ ಹೊದಿಕೆ ಹಾಕಿ ಕಾಪಾಡಬೇಕಾಯಿತು. ಅಲ್ಲಿ ಪಾನ್, ಇಲ್ಲಿ ಸಿಮೆಂಟ್.

6. ಸ್ಲೀಪರ್ ಎತ್ತದೆ ತಪಾಸಣೆ ಮುಗಿಯಿತು ಎನ್ನಬೇಡಿ. ಗರ್ಡರಿನ ಮೇಲ್ಮೈಯಲ್ಲಿ ಸ್ಲೀಪರ್ ಕೂತ ಜಾಗವೇ ಹೆಚ್ಚು ಸವೆದಿರುತ್ತದೆ. ಬಯೋ ಟಾಯ್ಲೆಟ್ ಬರುವ ಮುಂಚೆ ಬೋಗಿಯ ಶೌಚದ ನೀರೆಲ್ಲ ಇಲ್ಲಿಗೇ ಬೀಳುತ್ತಿತ್ತು. ಅದರ ಗಾಯ ಇವತ್ತಿಗೂ ಬಣ್ಣದ ಅಡಿಯಲ್ಲಿದೆ.

7. ಸೇತುವೆ ನಡೆಯುತ್ತದೆ, ಅದರ ಕಾಲು ಕಟ್ಟಬೇಡಿ. ನಮ್ಮ ಕಲಬುರಗಿ ಜಿಲ್ಲೆಯ ಬಿಸಿಲು ಎಲ್ಲರಿಗೂ ಗೊತ್ತು. ಡಿಸೆಂಬರ್ ನಸುಕಿನಲ್ಲಿ 12 ಡಿಗ್ರಿ ಇದ್ದ ಉಕ್ಕು ಮೇ ತಿಂಗಳ ಮಧ್ಯಾಹ್ನ 60 ಡಿಗ್ರಿಗೆ ಕಾದರೆ, 30.5 ಮೀಟರ್, ಅಂದರೆ ಹಳೆಯ ಲೆಕ್ಕದ 100 ಅಡಿಯ ಗರ್ಡರ್ ಸುಮಾರು 17–18 ಮಿಲಿಮೀಟರ್ ಉದ್ದವಾಗುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತುದಿ ಸರಿದಾಡಲು ಸಡಿಲ, ಹೀಗೆ ಬೇರಿಂಗ್ ಇಟ್ಟಿರುವುದೇ ಅದಕ್ಕೆ. ಸಡಿಲ ತುದಿಯ ಬೇರಿಂಗಿನಲ್ಲಿ ಹಳೆಯ ಗ್ರೀಸು, ಸಿಮೆಂಟ್ ಪುಡಿ, ಹೊಳೆಯ ಮರಳು ಮೂರೂ ಬೆರೆತರೆ ಕಲ್ಲೇ. ಗರ್ಡರ್ ಆಗಲೂ ಉದ್ದವಾಗಿಯೇ ತೀರುತ್ತದೆ. ಬೇರಿಂಗ್ ಬಿಡದಿದ್ದರೆ ಕಂಬದ ತಲೆಯ ಬೆಡ್ ಬ್ಲಾಕ್ ಸೀಳುತ್ತದೆ. ಬೆಡ್ ಬ್ಲಾಕಿನಲ್ಲಿ ಬಿರುಕು ಕಂಡು ಸಿಮೆಂಟ್ ಮೆತ್ತುವವರನ್ನು ನೋಡಿದ್ದೇನೆ. ಬೇರಿಂಗ್ ಬಿಡಿಸದೆ ಮೆತ್ತಿದ್ದು ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ.

ಮೂರು ವರ್ಷಕ್ಕೊಮ್ಮೆ ಗ್ರೀಸ್ ಹಾಕುವುದು ವಾಡಿಕೆ. ಧೂಳಿನ ಈ ಪಟ್ಟಿಯಲ್ಲಿ ಅಷ್ಟು ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಜಾಕ್ ಕೊಟ್ಟು ಗರ್ಡರ್ ಎತ್ತುವಾಗ ಎರಡೂ ಬದಿ ಸಮನಾಗಿ, ಕೆಲವೇ ಮಿಲಿಮೀಟರ್. ಎತ್ತಿದಷ್ಟಕ್ಕೂ ಕೂಡಲೇ ಪ್ಯಾಕಿಂಗ್. ಬರೀ ಜಾಕಿನ ಮೇಲೆ ನಿಂತ ಗರ್ಡರಿನ ಅಡಿಗೆ ಯಾರೂ ಕೈ ಹಾಕಕೂಡದು, ಸಾಹೇಬರೇ ಹೇಳಿದರೂ ಸರಿಯೇ.

8. ಬಣ್ಣಕ್ಕೆ ಹವಾಮಾನ ನೋಡಿ, ಬಜೆಟ್ಟಿನ ತಾರೀಖು ನೋಡಬೇಡಿ. ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕೆಂದು ಬಿರುಬಿಸಿಲಿನಲ್ಲಿ ಬಳಿದ ಬಣ್ಣ ಕಾದ ಪ್ಲೇಟಿನ ಮೇಲೆ ಗುಳ್ಳೆ ಎದ್ದು ಸುಲಿಯುತ್ತದೆ. ನಮ್ಮಲ್ಲಿ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಅದರಲ್ಲೂ ಇಬ್ಬನಿ ಆರಿದ ಮೇಲೆ ಶುರುಮಾಡಿ ಹೊತ್ತು ಇಳಿಯುವ ಮುಂಚೆ ನಿಲ್ಲಿಸಬೇಕು. ಬಣ್ಣದ ಡಬ್ಬಿಗಿಂತ ಕೆರೆಯುವ ಕೆಲಸಕ್ಕೆ ಹೆಚ್ಚು ದಿನ ಕೊಡಿ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆ 1890ರದು. ಅದಕ್ಕೆ ಬಣ್ಣ ಬಳಿಯುವುದು ಮುಗಿಯುವುದೇ ಇಲ್ಲ ಎಂಬ ಮಾತಿತ್ತು. ಹಳೆಯ ಪದರಗಳನ್ನೆಲ್ಲ ಲೋಹದವರೆಗೆ ತೆಗೆದು, ಗಾಜಿನ ಹಳಕು ಬೆರೆಸಿದ ಎಪಾಕ್ಸಿ ಬಳಿದು 2011ರಲ್ಲಿ ಆ ಕೆಲಸ ಮುಗಿಸಿದರು. ಕನಿಷ್ಠ 25 ವರ್ಷ ಬಾಳಬೇಕು ಎಂಬುದು ಅವರ ಲೆಕ್ಕ. ಅಲ್ಲಿಯೂ ಗುಟ್ಟು ಇದ್ದದ್ದು ತಳ ಶುದ್ಧ ಮಾಡಿದ್ದರಲ್ಲಿ.

ಇಲ್ಲಿ ಒಂದು ಮಾತು ನಾನು ಕೈಮುಗಿದು ಹೇಳುವುದು. ಹಳೆಯ ಗರ್ಡರಿನ ಕೆಳಪದರದ ಕಿತ್ತಳೆ ಬಣ್ಣ ಸೀಸದ್ದು, ರೆಡ್ ಲೆಡ್. ಅದನ್ನು ಒಣಗಿದಂತೆ ಕೆರೆದರೆ ಪುಡಿ ಖಲಾಸಿಯ ಮೂಗಿಗೆ ಹೋಗುತ್ತದೆ, ಅದೇ ಕೈಯಲ್ಲಿ ರೊಟ್ಟಿ ಮುರಿದರೆ ಹೊಟ್ಟೆಗೆ ಹೋಗುತ್ತದೆ, ಅದೇ ಅಂಗಿಯಲ್ಲಿ ಮನೆಗೆ ಹೋದರೆ ಕೂಸುಗಳ ಮೈಗೆ ಹತ್ತುತ್ತದೆ. ನೀರು ಸಿಂಪಡಿಸಿ ಕೆರೆಯಿರಿ. ಒಳ್ಳೆಯ ಮಾಸ್ಕ್ ಕೊಡಿ. ಸಾಬೂನು, ನೀರು, ಬದಲಿ ಅಂಗಿ ಕೆಲಸದ ಜಾಗದಲ್ಲೇ ಇರಲಿ. ಕೆಳಗೆ ಟಾರ್ಪಾಲಿನ್ ಹಾಸಿ ಪುಡಿಯನ್ನು ಒಟ್ಟುಮಾಡಿ, ಹೊಳೆಗೆ ಬಿಡಬೇಡಿ. ಆ ನೀರನ್ನು ಕೆಳಗಿನ ಊರುಗಳ ದನಕರು ಕುಡಿಯುತ್ತವೆ.

9. ಮೇಲೆ ವಿದ್ಯುತ್ ತಂತಿ ಬಂದಿದೆ: 25,000 ವೋಲ್ಟ್. ಪವರ್ ಬ್ಲಾಕ್ ಇಲ್ಲದೆ, ಅಂದರೆ ತಂತಿಯ ವಿದ್ಯುತ್ ನಿಲ್ಲಿಸದೆ, ಅದರ ಎರಡು ಮೀಟರ್ ಒಳಗೆ ಮನುಷ್ಯನೂ ಹೋಗಬಾರದು, ಏಣಿಯೂ ಹೋಗಬಾರದು.

10. ಹೊಳೆ ಇಳಿದ ಮರುದಿನವೇ ಸೇತುವೆಯ ಕೆಳಗೆ ಇಳಿಯಿರಿ. 2020ರ ಅಕ್ಟೋಬರ್ ನಡುವಿನಲ್ಲಿ ಕಾಗಿಣಾ ಉಕ್ಕಿದ್ದನ್ನು ಈ ಕಡೆಯವರು ಮರೆತಿಲ್ಲ. ದಂಡೋತಿಯ ರಸ್ತೆ ಸೇತುವೆ ಮುಳುಗಿತ್ತು, ಮಳಖೇಡಕ್ಕೆ ನೀರು ನುಗ್ಗಿತ್ತು. ಅಂಥ ನೀರು ಇಳಿದ ಮೇಲೆ ಎಲ್ಲರೂ ಮೊದಲು ನೋಡುವುದು ಗರ್ಡರನ್ನು. ನಾನು ಮೊದಲು ನೋಡಿ ಅನ್ನುವುದು ಕಂಬದ ಬುಡವನ್ನು. ಸುಳಿ ಬುಡದ ಮರಳನ್ನು ಎತ್ತಿಕೊಂಡು ಹೋಗಿ, ನೀರು ಇಳಿಯುತ್ತಲೇ ಆ ಗುಂಡಿಯನ್ನು ಸಡಿಲ ರಾಡಿಯಿಂದ ತುಂಬಿರುತ್ತದೆ. ಮೇಲಿನಿಂದ ನೋಡಿದರೆ ನೆಲ ಸಮ. ಉದ್ದ ಸರಳು ಚುಚ್ಚಿದರೆ ಸುಮ್ಮನೆ ಇಳಿಯುತ್ತದೆ. ಬೆಡ್ ಬ್ಲಾಕಿನ ಮೇಲಿನ ಮರಳು, ಬ್ರೇಸಿಂಗಿಗೆ ಸಿಕ್ಕಿಕೊಂಡ ಜಾಲಿ ಕೊಂಬೆ, ಸೊಪ್ಪೆ, ಬಟ್ಟೆ ಎಲ್ಲ ತೆಗೆದು ಸಿಹಿನೀರಿನಿಂದ ತೊಳೆಯಿರಿ.

ಹಳೆಯ ಕಲ್ಲಿನ ಕಂಬದ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಅದು ಉದುರಿದ ಕಡೆ ಗಡಸು ಸಿಮೆಂಟ್ ತುಂಬಬೇಡಿ. ಒಳಗಿನ ತೇವ ಹೊರಬರಲಾರದೆ ಕಲ್ಲಿನ ಅಂಚೇ ಸಿಡಿಯುತ್ತದೆ. ಸುಣ್ಣದಕಲ್ಲಿನ ಮೇಲೆ ಕೂತಿರುವ ನಮಗೆ ಒಳ್ಳೆಯ ಸುಣ್ಣದ ಬರವಿಲ್ಲ.

11. ಭಾರದ ಲೆಕ್ಕ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹಾಕಿ. 1926ರ ಬ್ರಾಡ್‌ಗೇಜ್ ಮುಖ್ಯಮಾರ್ಗದ ಮಾನದಂಡದಲ್ಲಿ ಒಂದು ಅಚ್ಚಿನ ಭಾರ 22.9 ಟನ್. ಈಗಿನ ಮಾಲುಗಾಡಿಗಳಿಗೆ 25 ಟನ್ನಿನ ಮಾನದಂಡ ಬಂದಿದೆ. ಸಿಮೆಂಟ್ ಹೊತ್ತು ಹೋಗುವ, ಕಲ್ಲಿದ್ದಲು ಹೊತ್ತು ಬರುವ ರೇಕುಗಳು ಹಗಲಿರುಳು ಓಡುವ ಮಾರ್ಗವಿದು. ಗರ್ಡರ್ ಒಮ್ಮೆಗೆ ಮುರಿಯುವ ಭಯಕ್ಕಿಂತ ದಣಿವಿನ ಬಿರುಕಿನ ಭಯ ಹೆಚ್ಚು. ನಡುಸ್ಪ್ಯಾನಿನ ಉಬ್ಬನ್ನು, ನಾವು ಕ್ಯಾಂಬರ್ ಅನ್ನುವುದನ್ನು, ಪ್ರತಿಸಲ ಒಂದೇ ಬಿಂದುಗಳಲ್ಲಿ ಅಳೆಯಿರಿ. ಆಗಿನ ಉಕ್ಕಿನ ಉಷ್ಣತೆಯನ್ನೂ ಪಕ್ಕಕ್ಕೆ ಬರೆಯಿರಿ, ಇಲ್ಲದಿದ್ದರೆ ಆ ಅಂಕಿ ಯಾರಿಗೂ ಉಪಯೋಗವಿಲ್ಲ. ಉಬ್ಬು ಇಳಿಯುತ್ತಾ ಬಂದರೆ ರಿವಿಟ್ಟೋ, ಪ್ಲೇಟೋ ಎಲ್ಲೋ ಸೋಲುತ್ತಿದೆ.

ರಿವಿಟ್ ಗರ್ಡರಿಗೆ ಒಂದು ದೊಡ್ಡ ಗುಣವಿದೆ. ಹಲವು ಪ್ಲೇಟು, ಆಂಗಲ್ ಜೋಡಿಸಿ ಕಟ್ಟಿದ್ದರಿಂದ ಒಂದರಲ್ಲಿ ಹುಟ್ಟಿದ ಬಿರುಕು ಅದರ ಅಂಚಿಗೆ ಬಂದು ನಿಲ್ಲುತ್ತದೆ, ಪಕ್ಕದ್ದಕ್ಕೆ ಹಾರುವುದಿಲ್ಲ. ಈ ಗುಣ ಇಲ್ಲದಿದ್ದರೆ ಏನಾಗುತ್ತದೆ ನೋಡಿ: ಅಮೆರಿಕದ ಓಹಾಯೊ ನದಿಯ ಸಿಲ್ವರ್ ಬ್ರಿಡ್ಜಿನ ಸರಪಳಿಯಲ್ಲಿ ಕೊಂಡಿಗೆ ಎರಡೇ ಪಟ್ಟಿಗಳಿದ್ದವು. 1967ರ ಡಿಸೆಂಬರಿನಲ್ಲಿ ಒಂದು ಪಟ್ಟಿಯ ಕಣ್ಣಿನ ಬಳಿಯ ಬಿರುಕಿನಿಂದ ಇಡೀ ಸೇತುವೆ ಕುಸಿದು 46 ಜನ ಸತ್ತರು. ಆ ಬಿರುಕು ಹೊರಗಿನಿಂದ ಕಾಣುವ ಜಾಗದಲ್ಲಿ ಇರಲಿಲ್ಲ. ನಮ್ಮ ಹಳೆಯ ಗರ್ಡರುಗಳಲ್ಲಿ ಎಷ್ಟೋ ಬಿರುಕುಗಳು ಹುಡುಕಿದರೆ ಸಿಗುವ ಜಾಗದಲ್ಲೇ ಇರುತ್ತವೆ. ಹಾಗಿದ್ದೂ ನೋಡದೆ ಹೋದರೆ ಅದಕ್ಕೆ ಕ್ಷಮೆಯಿಲ್ಲ.

12. ಹೆಸರಿನ ಫಲಕಕ್ಕೆ ಬಣ್ಣ ಬಳಿಯಬೇಡಿ. ಹಳೆಯ ಗರ್ಡರಿನ ತುದಿಯಲ್ಲಿ ಎರಕದ ಫಲಕ ಇರುತ್ತದೆ, ತಯಾರಿಸಿದವರ ಹೆಸರು, ಇಸವಿ. ಪ್ಲೇಟು, ಆಂಗಲುಗಳ ಮೈಮೇಲೆ ಉಕ್ಕಿನ ಗಿರಣಿಯ ಉಬ್ಬಕ್ಷರವೂ ಇರಬಹುದು. ಮರಳು ಹೊಡೆದು ತೊಳೆಯುವಾಗ ಈ ಅಕ್ಷರಗಳೇ ಮೊದಲು ಸವೆಯುತ್ತವೆ. ಅವನ್ನು ಮುಚ್ಚಿ, ಕೈಯಿಂದ ಬೇರೆಯಾಗಿ ಶುಚಿಮಾಡಿ, ಫೋಟೊ ತೆಗೆದು, ಕಾಗದ ಒತ್ತಿ ಸೀಸದಕಡ್ಡಿಯಿಂದ ಅಚ್ಚು ತೆಗೆದಿಡಿ. ಸನ್ನತಿಯ ಶಾಸನ, ಮಳಖೇಡದ ಕೋಟೆ ಇರುವ ನೆಲ ಇದು. ಕಲ್ಲಿನ ಬರಹಕ್ಕೆ ಕೊಡುವ ಗೌರವ ಕಬ್ಬಿಣದ ಬರಹಕ್ಕೂ ಸಲ್ಲಲಿ. ರಿಜಿಸ್ಟರಿನ ಹಳೆಯ ಸಂಪುಟಗಳನ್ನು ರದ್ದಿಗೆ ಹಾಕದೆ ಕಾಪಾಡುವುದೂ ಇದೇ ಕೆಲಸದ ಭಾಗ. ಒಂದು ಸ್ಪ್ಯಾನಿನ ಯಾವ ರಿವಿಟ್ ಯಾವ ವರ್ಷ ಸಡಿಲಾಯಿತು ಎಂಬುದು ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದು.

13. ಇಳಿಸಿದ ಗರ್ಡರ್ ಗುಜರಿಗೆ ಹೋಗುವ ಮುನ್ನ ಒಮ್ಮೆ ಯೋಚಿಸಿ. 25 ಟನ್ನಿನ ಅಚ್ಚಿಗೆ ಸಾಲದ ಗರ್ಡರ್ ಕಾಲುದಾರಿಗೆ ಧಾರಾಳ ಸಾಕು. ಜನ ಓಡಾಡುವ ಸೇತುವೆಗೆ ಚದರ ಮೀಟರಿಗೆ 500 ಕಿಲೊ ಭಾರ ಹಿಡಿದರೂ ರೈಲಿನ ಲೆಕ್ಕದ ಮುಂದೆ ಅದು ಸಣ್ಣದು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಮಳೆಗಾಲಕ್ಕೆ ನಾಲಾ ತುಂಬಿ ಶಾಲೆಗೂ ಹೊಲಕ್ಕೂ ದಾರಿ ತಪ್ಪುವ ಊರುಗಳಿವೆ. 40 ಅಡಿಯ ಹಳೆಯ ಗರ್ಡರ್ ಜೋಡಿಯನ್ನು ತಪಾಸಣೆ ಮಾಡಿ, ಬಣ್ಣ ಬಳಿದು, ಮೇಲೆ ಶಹಾಬಾದಿ ಫರ್ಸಿ ಹಾಸಿ, ಎರಡೂ ಬದಿ ಕಟಕಟೆ ಕೊಟ್ಟರೆ ಅಂಥ ಒಂದು ಊರಿಗೆ ಸೇತುವೆಯಾಗುತ್ತದೆ. ರೈಲ್ವೆ ಗರ್ಡರನ್ನು ಕೊಡುವುದು, ಪಂಚಾಯಿತಿ ಕಂಬ ಕಟ್ಟುವುದು, ಇಬ್ಬರೂ ಕೂತು ಮಾತಾಡಿದರೆ ಆಗುವ ಕೆಲಸವಿದು. ಕೊಡುವಾಗ ಮೇಲೆ ಹೇಳಿದ ಆ ಫಲಕವೂ ಗರ್ಡರಿನ ಜೊತೆಗೇ ಹೋಗಲಿ, ಮತ್ತು ವರ್ಷಕ್ಕೊಮ್ಮೆ ಅದನ್ನು ಗುಡಿಸಿ ತಟ್ಟಿ ನೋಡುವವರು ಯಾರು ಎಂದು ಅದೇ ಕಾಗದದಲ್ಲಿ ಬರೆಸಿಕೊಳ್ಳಿ.